ಒರೆಸಿಬಿಟ್ಟ ಕುಂಕುಮ

ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆ ವೀರಗಲ್ಲಿಗೆ, ಅಂದರೆ ಕಾಳಗದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲಿಗೆ, ಬರವಿಲ್ಲ. ಕೆರೆ ಏರಿ, ತೋಟದ ಬೇಲಿ, ದೇವಸ್ಥಾನದ ಹಿಂದುಗಡೆ ಸುಮ್ನೆ ನಿಂತಿರುತ್ತವೆ. ಮೂರು ವರ್ಷದಿಂದ ಅವುಗಳ ವಿಡಿಯೊ ಮಾಡುತ್ತಿದ್ದೇನೆ. ಶುರುವಿನಲ್ಲಿ ನನಗೆ ಬೇಕಿದ್ದದ್ದು ಕಲ್ಲು ಮಾತ್ರ.

ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ಕಲ್ಲು ಚಪ್ಪಟೆ ಕಾಣುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಸವರಿದ ಹಾಗೆ ಹಿಡಿಯಬೇಕು. ಸವೆದ ಗೆರೆಯಲ್ಲೂ ನೆರಳು ಕೂತು ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ ತುಂಬುವ ಚಟ ಮಾತ್ರ ಬೇಡ. ತುಂಬಿದವರು ಓದಿದ್ದೇ ಅಕ್ಷರ ಆಗಿಬಿಡುತ್ತದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ವೀರ. ನನ್ನ ಕ್ಯಾಮೆರಾನೂ ಹಾಗೇ ಮೇಲಕ್ಕೇಳುತ್ತದೆ. ಅಳತೆಪಟ್ಟಿ ಇಟ್ಟು ಒಂದು ಸಲ, ತೆಗೆದು ಒಂದು ಸಲ. ಪಟ್ಟಿ ಇಲ್ಲದ್ದು ಪುರಾತತ್ವದವರಿಗೆ ಆಗದು, ಇದ್ದದ್ದು ಸಿನಿಮಾಕ್ಕೆ ಆಗದು.

ಎಡವಿದ್ದು ಒಂದು ಅಡಿಕೆ ತೋಟದಲ್ಲಿ. ಕಲ್ಲಿನ ಮೇಲೆ ಎಣ್ಣೆ, ಕುಂಕುಮ, ಬಾಡಿದ ದಾಸವಾಳ. ಫ್ರೇಮು ನೀಟಾಗಿರಲಿ ಅಂತ ಹೂವು ಎತ್ತಿಟ್ಟೆ, ಒದ್ದೆ ಬಟ್ಟೆಯಲ್ಲಿ ಕುಂಕುಮ ಒರೆಸಿದೆ. ಸಂಜೆ ದೀಪ ಹಿಡಿದು ಬಂದ ಅಜ್ಜಿ ಬೈಯಲಿಲ್ಲ.

"ಏನು ಮಾರಾಯ, ಅವನ ಮುಖ ತೊಳೆದ್ಯಾ?" ಅಂದರು. ಮತ್ತೆ ಕುಂಕುಮ ಇಟ್ಟರು.

ನಾಚಿಕೆಯಾಗಿ ಕ್ಯಾಮೆರಾ ಆಫ್ ಮಾಡಿದೆ. ಆಗಲೇ ಅಜ್ಜಿ ಹೇಳಿದ್ದು: ಮನೆಯಲ್ಲಿ ಹಸು ಕರು ಹಾಕಿದರೆ ಗಿಣ್ಣು ಮುಗಿದ ಮೇಲಿನ ಮೊದಲ ಹಾಲು ಇವನಿಗೇ. ನನ್ನ ಮೈ ಜುಮ್ಮೆಂದಿತು. ಕಲ್ಲಿನ ಕೆಳಗಿನ ಸಾಲಿನಲ್ಲಿ ಇರುವುದು ಹಸುಗಳು! ಅದು ತುರುಗೊಳ್ ಕಲ್ಲು, ಕದ್ದೊಯ್ದ ದನ ಬಿಡಿಸಲು ಹೋಗಿ ಸತ್ತವನದು. ಅಜ್ಜಿಗೆ ಆ ಕಥೆ ಗೊತ್ತೇ ಇರಲಿಲ್ಲ. ಕಥೆ ಮರೆತರೂ ಹಾಲು ನಿಂತಿರಲಿಲ್ಲ.

ಕ್ಯಾಮೆರಾ ಆನ್ ಮಾಡಿ ಇನ್ನೊಮ್ಮೆ ಹೇಳಿ ಅಂದೆ. ಸೆರಗು ಸರಿ ಮಾಡಿಕೊಂಡು, "ಇದು ಬಹಳ ಪುರಾತನ ಕಾಲದ ಶಿಲೆ" ಅಂದರು. ಮುಗೀತು!

ಸೊರಬ, ಸಾಗರ ಕಡೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1904ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 8ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಹೊರಡುವ ಮುಂಚೆ ಈಗಲೂ ಅದನ್ನೇ ತಿರುವಿ ಹಾಕುತ್ತೇನೆ. ಆದರೆ ಊರು ತಲುಪಿದ ಮೊದಲ ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತದೆ. ಕಲ್ಲಿಗೆ ದೀಪ ಇಡುವವರು ಯಾರು, ಯಾವತ್ತು, ಯಾಕೆ ಅಂತ ಕೇಳುವುದು ಆವತ್ತಿನ ಕೆಲಸ. ಒರೆಸುವುದಂತೂ ಬಿಟ್ಟೇಬಿಟ್ಟೆ. ಕುಂಕುಮದ ಕೆಳಗಿನ ಎರಡು ಅಕ್ಷರ ಕಾಣಲ್ಲ ಅಂತ ಶಾಸನ ಓದುವ ಸ್ನೇಹಿತರಿಗೆ ಸಿಟ್ಟು.

ಅಜ್ಜಿ ಮನೆಯಲ್ಲಿ ಈಗ ಒಂದು ಗಬ್ಬದ ಹಸು ಇದೆ. ಕರು ಹಾಕಿದ ಕೂಡಲೇ ಫೋನ್ ಮಾಡಿ ಅಂತ ಅವರ ಮೊಮ್ಮಗನಿಗೆ ನಂಬರ್ ಕೊಟ್ಟು ಬಂದಿದ್ದೇನೆ.