ಬಿ12, ಡಿ ಪರೀಕ್ಷೆ: ಚೀಟಿಯಿಂದ ವರದಿಯವರೆಗೆ

ಸುಸ್ತು, ಕೈಕಾಲು ಜೋಮು, ಮೂಳೆನೋವು ಎಂದು ಹೋದವರಿಗೆ ವೈದ್ಯರು ಬರೆದುಕೊಡುವ ವಿಟಮಿನ್ ಪರೀಕ್ಷೆಗಳು ಹೆಚ್ಚಾಗಿ ಎರಡೇ: ಬಿ12 ಮತ್ತು ಡಿ. ಬಿ12 ಸಹಜವಾಗಿ ಸಿಗುವುದು ಪ್ರಾಣಿಜನ್ಯ ಆಹಾರದಲ್ಲಿ ಮಾತ್ರವಾದ್ದರಿಂದ ಶಿರಸಿ, ಸಿದ್ದಾಪುರದ ಸಸ್ಯಾಹಾರಿ ಮನೆಗಳಲ್ಲಿ ಹಾಲು, ಮೊಸರುಗಳೇ ಅದರ ಮುಖ್ಯ ಮೂಲ. ನೀರುಮಜ್ಜಿಗೆಯ ತಂಬುಳಿಯನ್ನು ಆ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಬಂಗುಡೆ, ಚಿಪ್ಪಿಕಲ್ಲು ತಿನ್ನುವ ಕಾರವಾರ, ಕುಮಟಾದವರಿಗೆ ಆಹಾರದ ಕೊರತೆ ಕಡಿಮೆಯಾದರೂ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅಥವಾ ಆಮ್ಲಪಿತ್ತಕ್ಕೆ ಒಮೆಪ್ರಜೋಲ್‌ನಂಥ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಹೀರಿಕೆಯೇ ತಗ್ಗಬಹುದು.

ಮೊದಲು ಚೀಟಿಯನ್ನು ಓದಿಕೊಳ್ಳಿ. ಡಿ ಕೊರತೆಯನ್ನು ಅಳೆಯಲು ಬೇಕಾದದ್ದು 25-ಹೈಡ್ರಾಕ್ಸಿ ವಿಟಮಿನ್ ಡಿ. 1,25-ಡೈಹೈಡ್ರಾಕ್ಸಿ ಎಂಬುದು ಬೇರೆಯೇ ಪರೀಕ್ಷೆ. ಕೊರತೆಯಿದ್ದಾಗಲೂ ಅದು ಸಹಜವಾಗಿ ಕಾಣಬಹುದು. ಬಿ12 ಜೊತೆಗೆ ರಕ್ತಕಣಗಳನ್ನು ಎಣಿಸಿ ಅಳೆಯುವ ಸಿಬಿಸಿಯನ್ನೂ ಮಾಡಿಸುವುದು ಒಳ್ಳೆಯದು. ಎಲ್ಲ ವಿಟಮಿನ್‌ಗಳನ್ನೂ ಒಟ್ಟಿಗೆ ಅಳೆಯುವ ದುಬಾರಿ ಪ್ಯಾಕೇಜು ಬಹುತೇಕರಿಗೆ ಬೇಕಿಲ್ಲ. ಅದರಲ್ಲಿ ಎ, ಸಿ ವಿಟಮಿನ್‌ಗಳ ಮಾದರಿಯನ್ನು ಬೆಳಕು ತಾಗದಂತೆ, ತಣ್ಣಗೆ ಸಾಗಿಸಬೇಕಾಗುತ್ತದೆ. ಘಟ್ಟ ಹತ್ತಿ ಇಳಿಯುವ ದಾರಿಯಲ್ಲಿ ಅದು ಸುಲಭವಲ್ಲ.

ರಕ್ತ ಕೊಡುವ ಮುನ್ನ ಬಿ12 ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಒಮ್ಮೆ ಹಾಕಿಸಿಕೊಂಡರೆ ಅಂಕಿ ಏರಿಬಿಡುತ್ತದೆ, ಮೂಲ ಸ್ಥಿತಿ ತಿಳಿಯುವುದಿಲ್ಲ. ಕೂದಲು ಉದುರುವುದಕ್ಕೆಂದು ಅಂಗಡಿಯಿಂದ ತಂದ ಬಯೋಟಿನ್ ಮಾತ್ರೆಯೂ ತೊಂದರೆ ಕೊಡುತ್ತದೆ. ಹಲವು ಯಂತ್ರಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ನೇ ಒಂದು ಕೊಂಡಿಯಾಗಿರುವುದರಿಂದ, ರಕ್ತದಲ್ಲಿ ಅದು ಹೆಚ್ಚಿದ್ದರೆ ಬಿ12, ಡಿ ಎರಡೂ ಇರುವುದಕ್ಕಿಂತ ಹೆಚ್ಚೆಂದು ತೋರಬಹುದು. ಕನಿಷ್ಠ 48 ಗಂಟೆ ಮೊದಲೇ ಅದನ್ನು ನಿಲ್ಲಿಸಿ. ಮೆಟ್‌ಫಾರ್ಮಿನ್ನನ್ನು ಮಾತ್ರ ನೀವಾಗಿಯೇ ಬಿಡಬೇಡಿ. ತೆಗೆದುಕೊಳ್ಳುತ್ತಿರುವ ವಿಷಯವನ್ನು ವೈದ್ಯರಿಗೆ ತಿಳಿಸಿದರೆ ಸಾಕು. ಡಿ ಪರೀಕ್ಷೆಗೆ ಖಾಲಿ ಹೊಟ್ಟೆ ಕಡ್ಡಾಯವಲ್ಲ, ಬಿ12ಗೆ ಕೆಲವು ಲ್ಯಾಬ್‌ಗಳು ಕೇಳುತ್ತವೆ. ನೀರು ಕುಡಿಯಲು ಅಡ್ಡಿಯಿಲ್ಲ.

ಸಿಬಿಸಿಗೆ ನೇರಳೆ ಮುಚ್ಚಳದ ನಳಿಕೆ, ಉಳಿದೆರಡಕ್ಕೆ ಸಾಮಾನ್ಯವಾಗಿ ತಳದಲ್ಲಿ ಜೆಲ್ ಇರುವ ಹಳದಿ ಮುಚ್ಚಳದ್ದು. ಜೆಲ್ ನಳಿಕೆಯನ್ನು ಮೆಲ್ಲಗೆ ಐದಾರು ಬಾರಿ ಬುಡಮೇಲು ಮಾಡಿ, ಸುಮಾರು ಅರ್ಧ ಗಂಟೆ ನಿಲ್ಲಿಸಿ, ರಕ್ತ ಹೆಪ್ಪುಗಟ್ಟಿದ ಮೇಲೆ ತಿರುಗಣೆ ಯಂತ್ರಕ್ಕೆ ಹಾಕುತ್ತಾರೆ. ಆಗ ಜೆಲ್‌ನ ಮೇಲೆ ಕಣಗಳಿಲ್ಲದ ತೆಳುಹಳದಿ ದ್ರವ, ಅಂದರೆ ಸೀರಮ್, ನಿಲ್ಲಬೇಕು. ಅದು ಕೆಂಪಗಿದ್ದರೆ ರಕ್ತಕಣಗಳು ಒಡೆದಿವೆ ಎಂದರ್ಥ, ಫೋಲೇಟ್ (ಇನ್ನೊಂದು ಬಿ ವಿಟಮಿನ್) ಪರೀಕ್ಷೆಯೂ ಇದ್ದರೆ ಅದರ ಅಂಕಿ ಸುಳ್ಳಾಗಿ ಏರುತ್ತದೆ. ಮಾದರಿಯನ್ನು ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸುವುದಿದ್ದರೆ, ಸೀರಮ್ಮನ್ನು ಇಲ್ಲಿಯೇ ಬೇರ್ಪಡಿಸುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್‌ನ ಪರೀಕ್ಷೆಯಿದ್ದರಂತೂ ಈ ಪ್ರಶ್ನೆಯನ್ನು ಬಿಡಲೇಬಾರದು, ಏಕೆಂದರೆ ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಕಣಗಳು ಅದನ್ನು ಹೊರಬಿಡುತ್ತಲೇ ಇರುತ್ತವೆ.

ವರದಿ ಬಂದಾಗ ಅಂಕಿಗಿಂತ ಮೊದಲು ಮಾನವನ್ನು ನೋಡಿ. ಡಿ ವಿಟಮಿನ್ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ; 20ರಿಂದ 30ರ ನಡುವಿನದನ್ನು ಸಾಲದು ಎನ್ನುವ ವೈದ್ಯರೂ ಇದ್ದಾರೆ, ಸಾಕು ಎನ್ನುವವರೂ ಇದ್ದಾರೆ. ಅದೇ ಪ್ರಮಾಣವನ್ನು ಲೀಟರಿಗೆ ನ್ಯಾನೊಮೋಲ್‌ನಲ್ಲಿ ಬರೆದರೆ 20 ಎಂಬುದು 50 ಆಗುತ್ತದೆ.

ಬಿ12 ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆಯೆಂದೇ ಹಿಡಿಯುತ್ತಾರೆ. ತೊಡಕು ಇರುವುದು 200ರಿಂದ 300ರವರೆಗಿನ ಅಂಕಿಗಳಲ್ಲಿ: ಜೋಮು, ನಡಿಗೆಯ ತಡವರಿಕೆ ಇದ್ದೂ ವರದಿ ಸಹಜ ಎನ್ನಬಹುದು. ಆಗ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆ ನೆರವಾಗುತ್ತದೆ. ಬಿ12 ಕಡಿಮೆಯಾದಂತೆ ಅದು ಏರುತ್ತದೆ, ಆದರೆ ಮೂತ್ರಪಿಂಡ ದುರ್ಬಲವಾಗಿದ್ದರೂ ಏರುತ್ತದೆ. ಸಿಬಿಸಿಯಲ್ಲಿ ಎಂಸಿವಿ, ಅಂದರೆ ಕೆಂಪು ಕಣಗಳ ಸರಾಸರಿ ಗಾತ್ರ, 100 ದಾಟಿದರೆ ಅವು ದಪ್ಪಗಾಗಿವೆ ಎಂದರ್ಥ. ಕಣಗಳನ್ನು ಚಿಕ್ಕದಾಗಿಸುವ ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಎರಡೂ ಸೇರಿ ಆ ಅಂಕಿ ನಡುಮಟ್ಟದಲ್ಲಿ ನಿಂತು ಕಣ್ತಪ್ಪಿಸುತ್ತದೆ. ನಮ್ಮ ಹೆಣ್ಣುಮಕ್ಕಳ ವರದಿಗಳನ್ನು ನೋಡುವಾಗ ಇದನ್ನು ಮರೆಯಬಾರದು.

ಚಿಕಿತ್ಸೆ ಆರಂಭಿಸಿದ ಮೇಲೆ ಡಿ ಪರೀಕ್ಷೆಯನ್ನು ಸುಮಾರು 3 ತಿಂಗಳ ನಂತರ, ಸಾಧ್ಯವಾದರೆ ಅದೇ ಲ್ಯಾಬ್‌ನಲ್ಲಿ ಮಾಡಿಸಿ. ಬಿ12 ಇಂಜೆಕ್ಷನ್ ನಡೆಯುತ್ತಿರುವಾಗ ಅದರ ಮಟ್ಟವನ್ನು ಪದೇ ಪದೇ ಅಳೆಯುವುದರಿಂದ ಹೆಚ್ಚೇನೂ ತಿಳಿಯದು. ಆ ಹಂತದಲ್ಲಿ ವೈದ್ಯರು ನೋಡುವುದು ಹಿಮೋಗ್ಲೋಬಿನ್ ಮತ್ತು ಜೋಮಿನ ಲಕ್ಷಣಗಳನ್ನು.