ಪೇಢೆಗೆ ಭೈರವ ಕೇಳಿಸಿದ ಮನುಷ್ಯ

ನಮ್ಮ ಕಿರುಚಿತ್ರದ ನಾಯಕ ಒಬ್ಬ ನಿವೃತ್ತ ಗುಮಾಸ್ತ. ಧಾರವಾಡದ ಪೇಢೆಗೆ ಆ ರುಚಿ ಬಂದಿದ್ದು ಹಾಲು, ಸಕ್ಕರೆಯಿಂದಲ್ಲ, ಊರಿನ ಗಾಳಿಯಲ್ಲಿರುವ ಹಿಂದೂಸ್ತಾನಿ ಸಂಗೀತದಿಂದ ಅಂತ ಅವನ ವಾದ. ಖೋವಾ ಹುರಿಯುವಾಗ ಭೈರವ ರಾಗ ಕೇಳಿಸಿದರೆ ಒಂದು ರುಚಿ, ಯಮನ್ ಕೇಳಿಸಿದರೆ ಇನ್ನೊಂದು. 20 ವರ್ಷದಿಂದ ಲೆಕ್ಕ ಬರೆದಿಟ್ಟಿದ್ದಾನೆ. ಇದನ್ನು 11 ನಿಮಿಷದ ಸುಳ್ಳು ಸಾಕ್ಷ್ಯಚಿತ್ರ ಮಾಡಿದೆವು, ಅಂದರೆ ಕಟ್ಟುಕತೆಯನ್ನೇ ನಿಜದ ಸಾಕ್ಷ್ಯಚಿತ್ರದ ಹಾಗೆ ತೋರಿಸುವುದು.

ಮೊದಲ ಸ್ಕ್ರಿಪ್ಟ್ ತುಂಬ ಜೋಕುಗಳಿದ್ದವು. ನಾಯಕನಿಗೆ ಬಿಳಿ ಕೋಟು, ಕೆದರಿದ ಕೂದಲು. ಒಂದು ಸೀನ್ ತೆಗೆದು ಗೆಳೆಯರಿಗೆ ತೋರಿಸಿದೆ. ಒಬ್ಬರೂ ನಗಲಿಲ್ಲ. ಕೋಟು ನೋಡಿದ ಕೂಡಲೇ ಅವರಿಗೆ ಇದು ತಮಾಷೆ ಅಂತ ಗೊತ್ತಾಗಿಬಿಟ್ಟಿತ್ತು, ಇನ್ನು ನಗೋದೇನು? ಕೋಟು ತೆಗೆಸಿದೆ. ತೋಳಿಲ್ಲದ ಸ್ವೆಟರ್, ಜೇಬಲ್ಲಿ ಎರಡು ಪೆನ್ನು, ಸಾಕು. ಜೋಕುಗಳನ್ನೂ ಹೊಡೆದುಹಾಕಿದೆ. ಉಳಿದದ್ದು ಒಬ್ಬ ಮನುಷ್ಯ ಮತ್ತು ಅವನ ನಂಬಿಕೆ.

ಪಾತ್ರಕ್ಕೆ ನಮ್ಮ ಓಣಿಯ ಮಾಸ್ತರನ್ನು ಕೇಳಿದೆ. ಹವ್ಯಾಸಿ ನಾಟಕ ಮಾಡಿದವರು, ಹಾಗಾಗಿ ಮೊದಲೆರಡು ದಿನ ಹಿಂದಿನ ಸಾಲಿಗೂ ಕೇಳಿಸುವಂತೆ ಮಾತಾಡಿದರು. ಕಾಲರ್ ಮೈಕ್ ಚುಚ್ಚಿ, "ಸರ್, ನನಗೊಬ್ಬನಿಗೇ ಹೇಳ್ರಿ" ಅಂದಮೇಲೆ ಧ್ವನಿ ಇಳಿಯಿತು.

'ರಸತರಂಗಮಾಪಕ' ಅಂತ ಒಂದು ಯಂತ್ರ ಬೇಕಿತ್ತು. ಅವ್ವನ ಅವಲಕ್ಕಿ ಡಬ್ಬಿ ತಂದು, ಮುಚ್ಚಳಕ್ಕೆ ತೂತು ಕೊರೆದು, ಗುಜರಿಯಲ್ಲಿ ಸಿಕ್ಕ ಬೈಕಿನ ಸ್ಪೀಡೋಮೀಟರ್ ಕೂರಿಸಿದೆವು. ಮುಳ್ಳಿಗೆ ಕಟ್ಟಿದ ಕಪ್ಪು ದಾರವನ್ನು ಟೇಬಲ್ ಕೆಳಗೆ ಕೂತ ನನ್ನ ಅಕ್ಕನ ಮಗಳು ಎಳೆಯುತ್ತಿದ್ದಳು. ಪೇಢೆ ಹತ್ತಿರ ಬಂದರೆ ಮುಳ್ಳು 40ಕ್ಕೆ ಏರಬೇಕು. ಅವಳು ಹುಮ್ಮಸ್ಸಿನಲ್ಲಿ ಒಮ್ಮೆ 120 ಮಾಡಿದಳು. ಮಾಸ್ತರು ಮುಖ ಅಲ್ಲಾಡಿಸದೆ "ಇದು ಭಾಳ ತಾಜಾ ಐತಿ" ಅಂದರು. ಅದೇ ಟೇಕ್ ಇಟ್ಟುಕೊಂಡೆವು.

ಸಂಗೀತದ್ದು ಸ್ವಲ್ಪ ತಲೆನೋವಾಯಿತು. ರಾಗ ಯಾರ ಸ್ವತ್ತೂ ಅಲ್ಲ, ಆದರೆ ಧ್ವನಿಮುದ್ರಣಕ್ಕೆ ನಮ್ಮ ದೇಶದಲ್ಲಿ 60 ವರ್ಷ ಹಕ್ಕು ಇರುತ್ತದೆ. ದೊಡ್ಡ ಗಾಯಕರ ರೆಕಾರ್ಡ್ ಹಾಗೇ ಹಾಕುವ ಹಾಗಿಲ್ಲ. ಹಾಡು ಕಲಿಯುತ್ತಿರುವ ಗೆಳೆಯನೊಬ್ಬ ಫೋನಿಗೇ ಭೈರವದ ಆಲಾಪ ಹಾಡಿಕೊಟ್ಟ. ಅಲ್ಲಲ್ಲಿ ಸ್ವರ ತಪ್ಪಿದೆ. ಪೇಢೆ ತಕರಾರು ಮಾಡಲಿಲ್ಲ.

ಕ್ಯಾಮೆರಾ ವಿಷಯದಲ್ಲಿ ನಾನು ಕಲಿತದ್ದು ಇಷ್ಟು: ಮುಂದೇನಾಗುತ್ತದೆ ಅಂತ ಅದಕ್ಕೆ ಗೊತ್ತಿರಬಾರದು. ಮಾಸ್ತರು ಎದ್ದು ಅಡುಗೆಮನೆಗೆ ಹೋದರೆ ಕ್ಯಾಮೆರಾ ತಡವಾಗಿ, ತಡಬಡಾಯಿಸುತ್ತ ಹಿಂದೆ ಹೋಗಬೇಕು. ಮೊದಲೇ ಅಲ್ಲಿ ಕಾದು ನಿಂತಿದ್ದರೆ ಸುಳ್ಳು ಬಯಲಾಯಿತು ಅಂತಲೇ. ಸಂದರ್ಶನದಲ್ಲಿ ಉತ್ತರ ಮುಗಿದ ಕೂಡಲೇ ಕಟ್ ಅನ್ನಬಾರದು. ಐದಾರು ಸೆಕೆಂಡ್ ಸುಮ್ನೆ ಇರಬೇಕು. ಮಾತಾಡಿದವರು ಸ್ವೆಟರ್ ಎಳೆದುಕೊಳ್ಳುತ್ತಾರೆ, ಆಚೆ ಈಚೆ ನೋಡುತ್ತಾರೆ. ನಗು ಬರುವುದು ಅಲ್ಲೇ.

ಇನ್ನು ಕೊನೆಯ ದೃಶ್ಯ. ಅದರ ಎಳೆ ವಿಜ್ಞಾನದ ಇತಿಹಾಸದ್ದೇ. 1903ರಲ್ಲಿ ಫ್ರಾನ್ಸಿನ ಬ್ಲಾಂಡ್ಲೋ ಎಂಬ ಹೆಸರಾಂತ ಭೌತವಿಜ್ಞಾನಿ 'ಎನ್ ಕಿರಣ' ಎಂಬ ಹೊಸ ಬಗೆಯ ಕಿರಣ ಕಂಡುಹಿಡಿದೆ ಅಂದ. ಇನ್ನೂ ಹಲವರು ನಮಗೂ ಕಂಡಿತು ಅಂದರು. 1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ಆ ಪ್ರಯೋಗಾಲಯಕ್ಕೆ ಹೋಗಿ, ಕಿರಣವನ್ನು ಬಿಡಿಸಿ ತೋರಿಸಬೇಕಾದ ಪಟ್ಟಕವನ್ನೇ (ಪ್ರಿಸಂ) ಕತ್ತಲಲ್ಲಿ ಉಪಕರಣದೊಳಗಿಂದ ಮೆಲ್ಲಗೆ ತೆಗೆದುಬಿಟ್ಟ. ಅವರಿಗೆ ಕಿರಣ ಕಾಣುತ್ತಲೇ ಇತ್ತು! ನಮ್ಮ ಕತೆಯಲ್ಲಿ ನಾಯಕನ ಹೆಂಡತಿ ಸ್ಪೀಕರಿನ ವೈರ್ ಕಿತ್ತಿಟ್ಟಿರುತ್ತಾಳೆ. ತಟ್ಟೆಯಲ್ಲಿ ಮೂರು ಪೇಢೆ, ಮೂರೂ ಒಂದೇ ಪೊಟ್ಟಣದವು. ಅವನು ರುಚಿ ನೋಡಿ "ಇದು ಭೈರವ, ಇದು ತೋಡಿ, ಇದಕ್ಕ ಏನೂ ಕೇಳಿಸಿಲ್ಲ, ಪಾಪ" ಅನ್ನುತ್ತಾನೆ. ಹೆಂಡತಿ ವೈರ್ ತೋರಿಸುತ್ತಾಳೆ. ಅವನು ತಲೆ ತಗ್ಗಿಸುತ್ತಾನೆ. ನಾನು ಬರೆದದ್ದು ಹಾಗೆ.

ಮಾಸ್ತರು ಒಪ್ಪಲಿಲ್ಲ. "ತಮ್ಮಾ, ಇಂಥಾವ್ರು ತಲಿ ತಗ್ಗಸೂದಿಲ್ಲ. ನೀ ಕ್ಯಾಮೆರಾ ಚಾಲೂ ಇಡು" ಅಂದರು. ಇಟ್ಟೆ. ವೈರ್ ನೋಡಿದರು. ನಿಧಾನಕ್ಕೆ ಇನ್ನರ್ಧ ಪೇಢೆ ಬಾಯಿಗೆ ಹಾಕಿಕೊಂಡರು. ಬೆರಳಿಗಂಟಿದ ಸಕ್ಕರೆಪುಡಿಯನ್ನು ಸ್ವೆಟರಿಗೆ ಒರೆಸಿದರು. ಆಮೇಲೆ, ಬಹಳ ಸಮಾಧಾನದಿಂದ, "ಕರೆಂಟ್ ಇಲ್ಲದಾಗ ತರಂಗ ಇನ್ನೂ ಶುದ್ಧ ಇರತಾವ. ಇದನ್ನ ಬರಕೋರಿ" ಅಂದರು. ಟೇಬಲ್ ಕೆಳಗಿನ ಹುಡುಗಿ ಕಿಸಕ್ಕನೆ ನಕ್ಕಿದ್ದು ಮೈಕಿಗೆ ಬಿದ್ದಿದೆ. ಎಷ್ಟು ತಿಕ್ಕಿದರೂ ಹೋಗಲಿಲ್ಲ, ಬಿಟ್ಟೆ.

ಗೆಳೆಯನ ತಾರಸಿಯಲ್ಲಿ ಬೆಡ್‌ಶೀಟ್ ಕಟ್ಟಿ ತೋರಿಸಿದೆವು. ಮಳೆ ಹನಿ ಬೀಳುತ್ತಿತ್ತು, ಆದರೂ ಯಾರೂ ಏಳಲಿಲ್ಲ. ನಕ್ಕರು. ಮುಗಿದಮೇಲೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಆ ಮಷಿನ್ ಎಷ್ಟಕ್ಕ ಬೀಳತೈತ್ರಿ?" ಅಂತ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರು ಹಿಂದಿನಿಂದ ಬಂದು, "ಸದ್ಯಕ್ಕ ಬುಕಿಂಗ್ ಬಂದ್ ಮಾಡೇವ್ರಿ" ಅಂದರು.

ಡಬ್ಬಿ ಈಗ ವಾಪಸ್ ಅಡುಗೆಮನೆ ಸೇರಿದೆ. ಮುಚ್ಚಳದ ತೂತಿನಿಂದ ಅವಲಕ್ಕಿ ಮೆತ್ತಗಾಗುತ್ತದೆ ಅಂತ ಅವ್ವ ದಿನಾ ಬೈಯುತ್ತಾಳೆ.