ಕೊಕ್ಕರೆಬೆಳ್ಳೂರಿಗೆ ಕ್ಯಾಮೆರಾ ಹಿಡಿದು ಹೋಗುವ ಮೊದಲು

ಮೊದಲ ಸಲ ಕೊಕ್ಕರೆಬೆಳ್ಳೂರಿಗೆ ಹೋದಾಗ ಮುನ್ನೂರಕ್ಕೂ ಜಾಸ್ತಿ ಫೋಟೊ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಅರ್ಧದಲ್ಲಿ ಹಕ್ಕಿ ಸುಣ್ಣ ಬಳಿದ ಗೋಡೆ ಥರ, ಇನ್ನರ್ಧದಲ್ಲಿ ಕಾಗೆ ಥರ. ಹಕ್ಕಿ ಅದೇ, ಮರ ಅದೇ, ಬಿಸಿಲೂ ಅದೇ. ಕ್ಯಾಮೆರಾವನ್ನು ಬೈದುಕೊಂಡೆ, ತಪ್ಪು ನನ್ನದೇ ಆಗಿತ್ತು.

ಊರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಚಳಿಗಾಲದಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಬಂದು ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ, ಮಳೆಗಾಲದ ಹೊತ್ತಿಗೆ ಮರಿಗಳ ಜೊತೆ ಹೊರಡುತ್ತವೆ. ಮರಿ ನೋಡಬೇಕಂದ್ರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ. ಬೆಳಗ್ಗೆ ಏಳಕ್ಕೆಲ್ಲ ಅಲ್ಲಿರಿ. ಹತ್ತರ ಮೇಲೆ ಬಿಸಿಲು ನೆತ್ತಿಗೆ ಬಂದು ಹಕ್ಕಿಯ ಮುಖ ಅರ್ಧ ಕಪ್ಪಾಗುತ್ತದೆ.

ಕ್ಯಾಮೆರಾದ ಡಯಲ್ ಅನ್ನು ಎ ಅಥವಾ ಎವಿಗೆ ತಿರುಗಿಸಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ) ಎಫ್ 5.6 ಇಡಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋದಲ್ಲಿರಲಿ, ಮಿತಿ 3200. ಶಟರ್ ಸ್ಪೀಡನ್ನು (ಶಟರ್ ತೆರೆದಿರುವ ಹೊತ್ತು) ಇಲ್ಲಿ ಕ್ಯಾಮೆರಾವೇ ಆರಿಸುತ್ತದೆ, ಅದರ ಮೇಲೆ ಕಣ್ಣಿಡಿ. ಕೂತ ಹಕ್ಕಿಗೆ 1/500 ಸೆಕೆಂಡ್ ಸಾಕು, ಹಾರುವುದಕ್ಕೆ 1/1600ಕ್ಕಿಂತ ಕಡಿಮೆ ಬೇಡ. ಐಎಸ್‌ಒ ಏರಿ ಫೋಟೊದಲ್ಲಿ ಸ್ವಲ್ಪ ಕಾಳು ಕಾಳು ಬಂದರೆ ಬರಲಿ ಬಿಡಿ, ಅದನ್ನು ಆಮೇಲೆ ಸರಿಮಾಡಬಹುದು, ಅಲುಗಾಡಿದ ಫೋಟೊವನ್ನು ಯಾರೂ ಸರಿಮಾಡಲಾರರು.

ಈಗ ಸುಣ್ಣ ಮತ್ತು ಕಾಗೆಯ ವಿಷಯ. ಕ್ಯಾಮೆರಾಕ್ಕೆ ಹಕ್ಕಿ ಯಾವುದು, ಎಲೆ ಯಾವುದು ಅಂತ ಸರಿಯಾಗಿ ಗೊತ್ತಾಗಲ್ಲ. ಕಣ್ಣೆದುರು ಬಂದದ್ದನ್ನೆಲ್ಲ ಒಟ್ಟು ಸೇರಿಸಿ, ತೀರಾ ಬೆಳ್ಳಗೂ ಅಲ್ಲ ತೀರಾ ಕಪ್ಪೂ ಅಲ್ಲ ಅನ್ನುವ ನಡುಮಟ್ಟಕ್ಕೆ ತರಲು ನೋಡುತ್ತದೆ. ಹಕ್ಕಿಯ ಹಿಂದೆ ದಟ್ಟ ಹಸಿರೆಲೆ ಇದ್ದರೆ 'ಅಯ್ಯೋ ಕತ್ತಲು' ಅಂತ ಬೆಳಕು ಜಾಸ್ತಿ ಮಾಡುತ್ತದೆ, ಬಿಳಿ ಗರಿ ಸುಟ್ಟುಹೋಗುತ್ತದೆ. ಅದೇ ಹಕ್ಕಿ ಆಕಾಶದ ಎದುರು ತುದಿಕೊಂಬೆಯಲ್ಲಿ ಕೂತರೆ ಉಲ್ಟಾ. ಹಾಗಾಗಿ ಎಲೆ ಹಿಂದಿದ್ದರೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಕ್ಯಾಮೆರಾ ಆರಿಸಿದ ಬೆಳಕನ್ನು ನಾವೇ ಹೆಚ್ಚು ಕಡಿಮೆ ಮಾಡುವುದು) ಮೈನಸ್ 0.7, ಆಕಾಶ ಹಿಂದಿದ್ದರೆ ಪ್ಲಸ್ 1. ಇದೊಂದು ಬಟನ್ ಎಲ್ಲಿದೆ ಅಂತ ಕಣ್ಣುಮುಚ್ಚಿಕೊಂಡು ಹುಡುಕುವಷ್ಟು ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸ ಆಯ್ತು. ಮೊಬೈಲ್‌ನಲ್ಲಾದರೆ ಹಕ್ಕಿಯ ಮೇಲೆ ಬೆರಳಿಟ್ಟಾಗ ಪಕ್ಕದಲ್ಲಿ ಸಣ್ಣ ಸೂರ್ಯ ಬರುತ್ತಲ್ವಾ, ಅದನ್ನು ಮೇಲೆ ಕೆಳಗೆ ಎಳೆದರೆ ಅದೇ ಕೆಲಸ.

ಚೌಕಟ್ಟಿನ ವಿಷಯಕ್ಕೆ ಬಂದರೆ, ಹಕ್ಕಿ ನೋಡುತ್ತಿರುವ ಕಡೆ ಜಾಗ ಬಿಡಿ, ಫೋಕಸ್ ಕಣ್ಣಿನ ಮೇಲಿರಲಿ. ಇದು ಎಲ್ಲರೂ ಹೇಳುವ ಮಾತು. ನಾನು ಹೇಳುವುದು ಬೇರೆ. ಬರೀ ಹಕ್ಕಿ ತುಂಬಿದ ಫೋಟೊ ಬೇಕಿದ್ದರೆ ರಂಗನತಿಟ್ಟಿನಲ್ಲಿ ದೋಣಿ ಹತ್ತಿದರೂ ಸಿಗುತ್ತದೆ. ಇಲ್ಲಿ ಹಕ್ಕಿಯ ಕೆಳಗೆ ಹೆಂಚಿನ ಮನೆ ಇದೆ, ದನ ಕಟ್ಟಿದ್ದಾರೆ, ಬಟ್ಟೆ ಒಣಹಾಕಿದ್ದಾರೆ, ಮರದಡಿ ಬಿದ್ದ ಹಿಕ್ಕೆಯನ್ನು ಗೊಬ್ಬರಕ್ಕೆ ಅಂತ ಕೂಡಿಡುತ್ತಾರೆ. ಅದನ್ನೆಲ್ಲ ಕತ್ತರಿಸಿ ತೆಗೆದರೆ ಉಳಿಯೋದು ಯಾವ ಊರಿನದ್ದೂ ಆಗಬಹುದಾದ ಒಂದು ಹಕ್ಕಿ. ಕರೆಂಟ್ ತಂತಿ ಅಡ್ಡ ಬಂದರೆ ಬರಲಿ, ಎಡಿಟ್ ಮಾಡಿ ಅಳಿಸಬೇಡಿ. ಬಣ್ಣ, ಬೆಳಕು ತಿದ್ದಿಕೊಳ್ಳಿ, ಇದ್ದದ್ದನ್ನು ಇಲ್ಲ ಅನಿಸಬೇಡಿ.

ಹಾರುವ ಫೋಟೊ ಬೇಕು ಅಂತ ಕೆಲವರು ಚಪ್ಪಾಳೆ ತಟ್ಟುತ್ತಾರೆ, ಕಲ್ಲು ಎಸೆಯುವವರನ್ನೂ ನೋಡಿದ್ದೇನೆ. ಗೂಡಿನಲ್ಲಿ ಎಳೇ ಮರಿ ಇದ್ದಾಗ ತಾಯಿಹಕ್ಕಿ ರೆಕ್ಕೆ ಬಿಡಿಸಿ ನೆರಳು ಹಿಡಿದಿರುತ್ತದೆ. ಗಾಬರಿಯಾಗಿ ಅದು ಎದ್ದರೆ ಮೈಮೇಲೆ ಪುಕ್ಕವಿಲ್ಲದ ಮರಿ ಬಿಸಿಲಿಗೆ ಬೀಳುತ್ತದೆ, ಕಾಗೆಗೂ ಹದ್ದಿಗೂ ದಾರಿಯಾಗುತ್ತದೆ. ಅಷ್ಟಕ್ಕೂ ಅವಸರ ಯಾಕೆ? ದೊಡ್ಡ ಹಕ್ಕಿ ಮರಿಗೆ ಮೀನು ತರಲು ತಾನಾಗೇ ಹೋಗುತ್ತದೆ. ಹೊರಡುವ ಮುಂಚೆ ಸಾಮಾನ್ಯವಾಗಿ ಕತ್ತು ಮುಂದೆ ಚಾಚುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕಿ ಹಗುರಾಗುತ್ತದೆ. ಅದೇ ನಿಮಗೆ ಸೂಚನೆ, ಮರದ ನೇರ ಕೆಳಗೆ ನಿಂತಿದ್ದರೆ ಶಿಕ್ಷೆಯೂ ಅದೇ. ಫ್ಲ್ಯಾಶ್ ಬೇಡ. ಡ್ರೋನ್ ಅಂತೂ ಬೇಡವೇ ಬೇಡ.

ಗೂಡಿನ ಎತ್ತರಕ್ಕೆ ಕ್ಯಾಮೆರಾ ಬರಬೇಕಂದ್ರೆ ಯಾರದ್ದಾದರೂ ತಾರಸಿ ಹತ್ತಬೇಕಾಗುತ್ತದೆ. ಕೇಳಿಯೇ ಹತ್ತಿ. 'ಅಮ್ಮಾ, ಮೇಲಿಂದ ಎರಡು ಫೋಟೊ ತಗೋಬಹುದಾ' ಅಂದರೆ ಬೇಡ ಅಂದವರು ನನಗೆ ಕಡಿಮೆ, ಆದರೆ ಬೇಡ ಅಂದರೆ ಸುಮ್ನೆ ವಾಪಸ್ ಬನ್ನಿ. ಜಗಲಿಯಲ್ಲಿ ಕೂತವರ, ನೀರು ಹಿಡಿಯುವವರ ಫೋಟೊ ದೂರದಿಂದ ಜೂಮ್ ಹಾಕಿ ಕದಿಯುವುದು ನನಗಂತೂ ಸರಿ ಕಾಣಲ್ಲ. ಮಕ್ಕಳದ್ದಾದರೆ ಮನೆಯವರನ್ನು ಕೇಳಿ. ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಹೇಳುತ್ತಾರೆ. ಬಾಣಂತಿ ಕೋಣೆಗೆ ಯಾರಾದರೂ ಹೇಳದೆ ಕೇಳದೆ ನುಗ್ಗುತ್ತಾರಾ?

ಫೋಟೊ ಕೊಡ್ತೀನಿ ಅಂತ ಮಾತು ಕೊಟ್ಟಿದ್ದರೆ ಕೊಡಿ. ಒಂದು ವರ್ಷ, ತಾರಸಿ ಹತ್ತಲು ಬಿಟ್ಟಿದ್ದ ಅಜ್ಜಿಗೆ ನನ್ನ ಪ್ರಕಾರ ಬಹಳ ಚೆನ್ನಾಗಿ ಬಂದಿದ್ದ ಹೆಜ್ಜಾರ್ಲೆಯ ಪ್ರಿಂಟ್ ಒಯ್ದು ಕೊಟ್ಟೆ, ಕಣ್ಣಿನ ಹೊಳಪೂ ಕಾಣುವಷ್ಟು ಹತ್ತಿರದ್ದು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಹಕ್ಕಿ ಬಂದದೆ, ನಮ್ ಮನೆ ಎಲ್ಲಪ್ಪ?' ಅಂದರು. ಮುಂದಿನ ಸಲ ಹೋಗುವಾಗ ಜೂಮ್ ಜೊತೆಗೆ ಅಗಲದ ನೋಟ ಹಿಡಿಯುವ 18 ಎಂಎಂ ಲೆನ್ಸನ್ನೂ ಬ್ಯಾಗಿಗೆ ಹಾಕಿಕೊಂಡೆ.